ಕಾಲಿನ ‘ನರಗಂಟು’: ಕೈಯಿಂದ ಮುಟ್ಟಿ ನೋಡುವುದರಿಂದ ಎಂಆರ್‌ಐವರೆಗೆ

ಮೂಡಿಗೆರೆ ಕಡೆಯ ಕಾಫಿ ತೋಟದಿಂದ ಒಬ್ಬ ತಾಯಿ 11 ವರ್ಷದ ಮಗಳನ್ನು ಕರೆದುಕೊಂಡು ಹಾಸನಕ್ಕೆ ಬಂದಿದ್ದರು. ಕೈಯಲ್ಲಿ ಮೂರು ಹಳೆಯ ಚೀಟಿಗಳು. ಒಂದರಲ್ಲಿ ‘ವೆರಿಕೋಸ್ ವೇನ್’ ಎಂದಿತ್ತು, ಇನ್ನೊಂದರಲ್ಲಿ ‘ಹಿಮಾಂಜಿಯೋಮ’, ಮೂರನೆಯದರಲ್ಲಿ ‘ಗಡ್ಡೆ, ತೆಗೆಯಬೇಕು’. ತಾಯಿ ಹೇಳಿದ್ದು ಇಷ್ಟು: “ನರ ಗಂಟು ಕಟ್ಕಂಡೈತೆ ಮೇಡಂ. ಹುಟ್ಟಿದಾಗ್ಲೇ ಒಂಚೂರು ನೀಲಿ ಇತ್ತು. ಈಗ ಸ್ಕೂಲಲ್ಲಿ ಓಡಕ್ಕಾಗಲ್ಲ ಅಂತಾಳೆ, ಸಂಜೆ ಹೊತ್ತಿಗೆ ಕಾಲು ಭಾರ ಅಂತ ಅಳ್ತಾಳೆ.”

ಮೂರು ಚೀಟಿಗಿಂತ ಆ ತಾಯಿಯ ಮಾತಿನಲ್ಲೇ ಹೆಚ್ಚು ವಿಷಯವಿತ್ತು. ಹುಟ್ಟಿದಾಗಿನಿಂದ ಇದೆ, ಒಂದೇ ಕಾಲಲ್ಲಿದೆ, ಮಗುವಿನ ಜೊತೆಗೇ ಬೆಳೆದಿದೆ, ಸಂಜೆಗೆ ಭಾರವಾಗುತ್ತದೆ. ಹಾಸನದಲ್ಲಿ ಸ್ಕ್ಯಾನಿಂಗ್ ನೋಡುವ ರೇಡಿಯಾಲಜಿ ವೈದ್ಯೆ ನಾನು. ಇಂಥ ಕಾಲುಗಳು, ಕೆಲವೊಮ್ಮೆ ಕೈಗಳು, ಸಕಲೇಶಪುರದಿಂದ, ಅರಸೀಕೆರೆಯಿಂದ, ಆಲ್ದೂರಿನಿಂದ, ಕಡೂರಿನಿಂದ ಬರುತ್ತಲೇ ಇರುತ್ತವೆ. ಬರುವಷ್ಟರಲ್ಲಿ ಬಹಳ ಜನ ತಪ್ಪು ಬಾಗಿಲು ತಟ್ಟಿ ಸುಸ್ತಾಗಿರುತ್ತಾರೆ. ಯಾವ ಪರೀಕ್ಷೆ ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂಬುದು ರೋಗಿಯ ಮನೆಯವರಿಗೆ ತಿಳಿದಿದ್ದರೆ ಈ ಅಲೆದಾಟ ಅರ್ಧಕ್ಕರ್ಧ ತಪ್ಪುತ್ತದೆ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ತಪ್ಪು ಬಾಗಿಲಿಗೆ ಒಂದು ಕಾರಣ ನಮ್ಮ ಮಾತಿನಲ್ಲೇ ಇದೆ. ಮಿದುಳಿನಿಂದ ಬರುವ ತಂತುವೂ ನಮಗೆ ‘ನರ’, ಚರ್ಮದ ಕೆಳಗೆ ನೀಲಿಯಾಗಿ ಕಾಣುವ ರಕ್ತನಾಳವೂ ‘ನರ’. ಹಾಗಾಗಿ ‘ನರ ಊದಿದೆ’ ಎಂದವರನ್ನು ಅಕ್ಕಪಕ್ಕದವರು ನರರೋಗ ತಜ್ಞರ ಬಳಿಗೆ ಕಳಿಸುತ್ತಾರೆ. ಇದು ರಕ್ತನಾಳದ ತೊಂದರೆ. ಚೀಟಿ ಮಾಡಿಸುವಾಗಲೇ “ರಕ್ತನಾಳದ ಗಂಟು” ಎಂದು ಹೇಳಿ.

ಇದು ಏನು ಅಂತ ಮೊದಲು

ಮಗು ಗರ್ಭದಲ್ಲಿರುವಾಗ ರಕ್ತನಾಳಗಳು ಸರಿಯಾಗಿ ರೂಪುಗೊಳ್ಳದೆ ಉಳಿದುಬಿಡುವುದಕ್ಕೆ ವ್ಯಾಸ್ಕುಲರ್ ಮಾಲ್ಫಾರ್ಮೇಷನ್ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದಕ್ಕೆ ಬಂತು ಎಂದು ಎಷ್ಟೋ ತಾಯಂದಿರು ವರ್ಷಗಟ್ಟಲೆ ತಮ್ಮನ್ನೇ ಹಳಿದುಕೊಂಡಿರುತ್ತಾರೆ. ಅದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಹೆಚ್ಚಿನವರಲ್ಲಿ ಇದು ಅಂಗ ಬೆಳೆಯುವಾಗ ಆ ಭಾಗದ ಕೆಲವು ಜೀವಕೋಶಗಳಲ್ಲಷ್ಟೇ ಆದ ಜೀನ್ ಬದಲಾವಣೆಯ ಫಲ. ಅಪ್ಪ ಅಮ್ಮ ಮಾಡಿದ ತಪ್ಪು ಯಾವುದೂ ಇಲ್ಲ.

ಗೊರೂರಿನ ಹೇಮಾವತಿ ಅಣೆಕಟ್ಟಿನ ಕೆಳಗೆ ಗದ್ದೆ ಇರುವವರಿಗೆ ಇದನ್ನು ವಿವರಿಸುವುದು ಸುಲಭ. ನಾಲೆಯಲ್ಲಿ ನೀರು ರಭಸವಾಗಿ ಬರುತ್ತದೆ, ತೂಬಿನಿಂದ ಗದ್ದೆಗೆ ಇಳಿಯುತ್ತದೆ, ಮಡಿಮಡಿಯಲ್ಲೂ ಹರಡಿ ಇಂಗುತ್ತದೆ, ಉಳಿದದ್ದು ನಿಧಾನವಾಗಿ ಹಳ್ಳ ಸೇರುತ್ತದೆ. ಹೃದಯದಿಂದ ಹೊರಡುವ ಅಪಧಮನಿ ಈ ನಾಲೆ. ಕೂದಲೆಳೆಗಿಂತ ಸಣ್ಣ ಲೋಮನಾಳಗಳು ಗದ್ದೆ. ಹೃದಯಕ್ಕೆ ಮರಳುವ ಅಭಿಧಮನಿ ಹಳ್ಳ. ಇವುಗಳ ಜೊತೆಗೆ ಊತದ ನೀರನ್ನು ಎಳೆದೊಯ್ಯುವ ದುಗ್ಧನಾಳಗಳಿವೆ. ಅವು ಬಸಿಗಾಲುವೆ ಇದ್ದಂತೆ.

ಈಗ ನಾಲೆಯ ಏರಿ ಒಡೆದು, ನೀರು ಗದ್ದೆಗೆ ಹೋಗದೆ ನೇರ ಹಳ್ಳಕ್ಕೆ ನುಗ್ಗಿತು ಎನ್ನಿ. ಹಳ್ಳದ ದಡ ಕೊರೆದುಹೋಗುತ್ತದೆ, ಗದ್ದೆ ಒಣಗುತ್ತದೆ. ಎವಿಎಂ, ಅಂದರೆ ಆರ್ಟೀರಿಯೋವೀನಸ್ ಮಾಲ್ಫಾರ್ಮೇಷನ್ ಹೀಗೆಯೇ. ಅಲ್ಲಿ ಚರ್ಮ ಬಿಸಿ, ಒಳಗೆ ಮಿಡಿತ, ಕೊನೆಗೆ ರಕ್ತ ಸಿಗದ ಬೆರಳ ತುದಿಯಲ್ಲಿ ಮಾಯದ ಹುಣ್ಣು. ಬಹಳ ದೊಡ್ಡದಾದರೆ ಹೃದಯಕ್ಕೂ ದಣಿವು. ಹಾಗಲ್ಲದೆ ಹಳ್ಳವೇ ಅಗಲವಾಗಿ, ಹೊಂಡಹೊಂಡವಾಗಿ ನೀರು ನಿಂತಿದ್ದರೆ ಅದು ವೀನಸ್ ಮಾಲ್ಫಾರ್ಮೇಷನ್. ನಾವು ಹೆಚ್ಚಾಗಿ ನೋಡುವುದು ಇದನ್ನೇ. ಬಸಿಗಾಲುವೆ ಹಿಗ್ಗಿ ನೀರಿನ ಚೀಲಗಳಾದರೆ ಲಿಂಫ್ಯಾಟಿಕ್ ಮಾಲ್ಫಾರ್ಮೇಷನ್. ಗದ್ದೆಯಲ್ಲೇ, ಅಂದರೆ ಚರ್ಮದ ಲೋಮನಾಳಗಳಲ್ಲೇ ಇದ್ದರೆ ಹುಟ್ಟುಮಚ್ಚೆಯ ಹಾಗೆ ಕಾಣುವ ಚಪ್ಪಟೆ ಕೆಂಪು ಕಲೆ.

ಎಲ್ಲ ಪರೀಕ್ಷೆಯೂ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತದೆ: ಒಳಗೆ ರಕ್ತ ರಭಸವಾಗಿ ಹರಿಯುತ್ತಿದೆಯೋ, ನಿಧಾನವಾಗಿಯೋ? ಚಿಕಿತ್ಸೆ, ಅಪಾಯ, ಮುಂದಿನ ಸ್ಕ್ಯಾನ್ ಎಲ್ಲವೂ ಈ ಉತ್ತರದ ಮೇಲೆ ನಿಂತಿವೆ. ವೈದ್ಯರ ಬಳಿ ಇನ್ನೇನು ಕೇಳಲು ಮರೆತರೂ ಇದನ್ನು ಕೇಳದೆ ಎದ್ದು ಬರಬೇಡಿ.

ಹೆಜ್ಜೆ 1: ಮನೆಯಲ್ಲೇ ನೋಡಿ, ಮುಟ್ಟಿ, ಬರೆದಿಡಿ

ಬೆಳಕು ಚೆನ್ನಾಗಿ ಬೀಳುವ ಜಗಲಿಯಲ್ಲಿ ಎರಡೂ ಕಾಲು ತೊಡೆಯವರೆಗೆ ಕಾಣುವಂತೆ ನಿಲ್ಲಿಸಿ. ಒಂದು ಕಾಲು ದಪ್ಪವೋ, ಉದ್ದವೋ? ಪ್ಯಾಂಟಿನ ಒಂದು ಕಾಲು ಯಾವಾಗಲೂ ಗಿಡ್ಡ ಕಾಣುತ್ತದೆಯೋ? ಚಪ್ಪಲಿ ಒಂದೇ ಕಡೆ ಸವೆಯುತ್ತದೆಯೋ? ಉಬ್ಬಿದ ನಾಳ ಕಾಲಿನ ಒಳಬದಿಯಲ್ಲಿದೆಯೋ ಹೊರಬದಿಯಲ್ಲಿದೆಯೋ? ದಿನವಿಡೀ ನಿಂತು ಕೆಲಸ ಮಾಡುವವರಿಗೆ ಬರುವ ಮಾಮೂಲಿ ವೆರಿಕೋಸ್ ವೇನ್ ಹೆಚ್ಚಾಗಿ ಒಳಬದಿಯಲ್ಲಿ, ನಡುವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಚಿಕ್ಕ ವಯಸ್ಸಿನಲ್ಲೇ ಕಾಲಿನ ಹೊರಬದಿಯ ಉದ್ದಕ್ಕೂ ದಪ್ಪ ನಾಳ, ಜೊತೆಗೆ ಕೆಂಪು ಕಲೆ, ಜೊತೆಗೆ ಕಾಲು ದಪ್ಪ ಇವು ಮೂರೂ ಇದ್ದರೆ ಅದು ಕ್ಲಿಪೆಲ್-ಟ್ರೆನೋನೆ ಸಿಂಡ್ರೋಮ್ ಇರಬಹುದು; 1900ರಲ್ಲಿ ಇಬ್ಬರು ಫ್ರೆಂಚ್ ವೈದ್ಯರು ವಿವರಿಸಿದ್ದರಿಂದ ಈ ಹೆಸರು. ಊದಿದ ಕಾಲನ್ನೆಲ್ಲ ಆನೆಕಾಲು ಎನ್ನುವ ರೂಢಿ ನಮ್ಮಲ್ಲಿದೆ. ಹುಟ್ಟಿನಿಂದಲೇ ಇರುವ ದಪ್ಪ ಸೊಳ್ಳೆಯಿಂದ ಬಂದ ಆನೆಕಾಲಲ್ಲ.

ಆಮೇಲೆ ಕೈಯ ಹಿಂಬದಿಯನ್ನು ಗಂಟಿನ ಮೇಲಿಡಿ, ಇನ್ನೊಂದು ಕಾಲಿನ ಅದೇ ಜಾಗದಲ್ಲೂ ಇಡಿ. ಗಂಟು ಸ್ಪಷ್ಟವಾಗಿ ಬಿಸಿಯಿದ್ದರೆ, ಬೆರಳಿಗೆ ಮಿಡಿತವೋ ಜುಂ ಎನ್ನುವ ನಡುಕವೋ ಸಿಕ್ಕರೆ, ಅದನ್ನು ದಪ್ಪ ಅಕ್ಷರದಲ್ಲಿ ಬರೆದಿಡಿ. ಅದು ಏರಿ ಒಡೆದ ನಾಲೆ.

ಮೂರನೆಯದು ನನಗೆ ಬಹಳ ಇಷ್ಟವಾದ ಪರೀಕ್ಷೆ, ಏಕೆಂದರೆ ಇದಕ್ಕೆ ಯಂತ್ರವೇ ಬೇಡ. ಮಗುವನ್ನು ಮಲಗಿಸಿ ಕಾಲನ್ನು ಗೋಡೆಗೆ ಎತ್ತಿಟ್ಟು ಎರಡು ಮೂರು ನಿಮಿಷ ಬಿಡಿ. ಮತ್ತೆ ಮಂಚದ ಅಂಚಿನಲ್ಲಿ ಕೂರಿಸಿ ಕಾಲು ಇಳಿಬಿಡಿಸಿ. ಮೂಡಿಗೆರೆಯ ಆ ಹುಡುಗಿಗೆ ನಾನು ಇದನ್ನೇ ಮಾಡಿಸಿದೆ. ಮಲಗಿದಾಗ ಮೀನಖಂಡದಲ್ಲಿ ಬರೀ ನೀಲಿ ಛಾಯೆಯಿತ್ತು. ಕಾಲು ಇಳಿಬಿಟ್ಟು ಒಂದು ನಿಮಿಷವಾಗುವಷ್ಟರಲ್ಲಿ ಆ ಜಾಗ ನಮ್ಮ ಕಣ್ಣೆದುರೇ ಮೆಲ್ಲಗೆ ತುಂಬಿ ಬಂತು. ಬಣ್ಣ ಮಾಗಿದ ನೇರಳೆ ಹಣ್ಣಿನದು. ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಮತ್ತೆ ತುಂಬುತ್ತದೆ. ಮಿಡಿತವಿಲ್ಲ, ಬಿಸಿಯಿಲ್ಲ. ಒಳಗೆ ಎರಡು ಗಟ್ಟಿ ಕಾಳುಗಳು ಬೆರಳಿನಡಿ ಜಾರಿದವು. ತಾಯಿಯ ಬೆರಳನ್ನೂ ಅಲ್ಲಿಡಿಸಿದೆ. “ಒಣಗಿದ ಮೆಣಸಿನ ಕಾಳು ಇದ್ದಂಗೈತೆ” ಎಂದರು. ಮೆಣಸು ಬಿಡಿಸುವ ಕೈಗೆ ಕಾಳಿನ ಗಾತ್ರ ತಪ್ಪುವುದಿಲ್ಲ. ನಿಂತ ರಕ್ತ ಹೆಪ್ಪುಗಟ್ಟಿ, ಸುಣ್ಣ ಕೂಡಿ ಗಟ್ಟಿಯಾದ ಈ ಕಾಳುಗಳಿಗೆ ಫ್ಲೆಬೋಲಿತ್ ಎಂದು ಹೆಸರು. ಇವು ಇದ್ದರೆ ವೀನಸ್ ಮಾಲ್ಫಾರ್ಮೇಷನ್ ಎಂಬುದಕ್ಕೆ ಬಹಳ ಬಲವಾದ ಸಾಕ್ಷಿ.

ಹಸುಗೂಸಾದರೆ ಇನ್ನೊಂದು ಮಾತು ನೆನಪು ಮಾಡಿಕೊಳ್ಳಿ: ಗುರುತು ಹುಟ್ಟಿದ ದಿನವೇ ಇತ್ತೋ, ಕೆಲವು ವಾರಗಳ ಮೇಲೆ ಕಾಣಿಸಿತೋ? ಹುಟ್ಟಿ ಕೆಲವು ವಾರಕ್ಕೆ ಕಾಣಿಸಿ, ಮೊದಲ ಕೆಲವು ತಿಂಗಳು ಭರಭರನೆ ಬೆಳೆದು, ಆಮೇಲೆ ವರ್ಷಗಳಲ್ಲಿ ತಾನಾಗಿ ಕುಗ್ಗುವುದು ನಿಜವಾದ ಹಿಮಾಂಜಿಯೋಮ. ಮಾಲ್ಫಾರ್ಮೇಷನ್ ಕುಗ್ಗುವುದಿಲ್ಲ, ಮಗುವಿನ ಜೊತೆ ಬೆಳೆಯುತ್ತದೆ, ಮೈನೆರೆಯುವಾಗ, ಬಸುರಿನಲ್ಲಿ ಅಥವಾ ಪೆಟ್ಟು ಬಿದ್ದಾಗ ಹಿಗ್ಗಬಹುದು. ಈ ಎರಡನ್ನೂ ಬೇರೆಬೇರೆ ಎಂದು ಮಲ್ಲಿಕನ್ ಮತ್ತು ಗ್ಲೋವಾಕಿ ಎಂಬ ಸಂಶೋಧಕರು 1982ರಲ್ಲೇ ತೋರಿಸಿಕೊಟ್ಟರು. ಆದರೂ ದೊಡ್ಡವರ ರಿಪೋರ್ಟಿನಲ್ಲಿ ‘ಹಿಮಾಂಜಿಯೋಮ’ ಎಂಬ ಪದ ಇಂದಿಗೂ ಉದುರುತ್ತಲೇ ಇದೆ. 30 ವರ್ಷದವರ ಕಾಲಿಗೆ ಹಾಗೆ ಬರೆದುಕೊಟ್ಟರೆ “ಇದು ವೀನಸ್ ಮಾಲ್ಫಾರ್ಮೇಷನ್ನೇ ಡಾಕ್ಟ್ರೇ?” ಎಂದು ಧೈರ್ಯವಾಗಿ ಕೇಳಿ.

ಕೊನೆಗೆ ಫೋಟೊ. ಮೂರು ತಿಂಗಳಿಗೊಮ್ಮೆ, ಅದೇ ಜಾಗ, ಅದೇ ಬೆಳಕು, ಪಕ್ಕದಲ್ಲಿ ಶಾಲೆಯ ಸ್ಕೇಲು. ವೈದ್ಯರಿಗೆ ಇದು ಹತ್ತು ಮಾತಿಗಿಂತ ಉಪಯೋಗ.

ಹೆಜ್ಜೆ 2: ಡಾಪ್ಲರ್, ಯಾವಾಗಲೂ ಮೊದಲು

ಬಾವು ಕಂಡ ತಕ್ಷಣ ಎಂಆರ್‌ಐಗೆ ಓಡುವವರಿದ್ದಾರೆ. ಬೇಡ. ಮೊದಲ ಸ್ಕ್ಯಾನ್ ಡಾಪ್ಲರ್, ಅಂದರೆ ರಕ್ತದ ಹರಿವನ್ನೂ ತೋರಿಸುವ ಅಲ್ಟ್ರಾಸೌಂಡ್. ವಿಕಿರಣವಿಲ್ಲ, ಸೂಜಿಯಿಲ್ಲ, ಹಸಿದ ಹೊಟ್ಟೆ ಬೇಕಿಲ್ಲ, ಮಗು ಅಮ್ಮನ ತೊಡೆಯ ಮೇಲೆ ಕೂತೇ ಮಾಡಿಸಿಕೊಳ್ಳಬಹುದು. ರಕ್ತ ರಭಸವೋ ನಿಧಾನವೋ ಎಂಬ ಪ್ರಶ್ನೆಗೆ ಬಹುಪಾಲು ಉತ್ತರ ಇಲ್ಲೇ ಸಿಗುತ್ತದೆ.

ಯಂತ್ರದ ಸದ್ದು ಕೇಳಿದರೆ ನಿಮಗೂ ಗೊತ್ತಾಗುತ್ತದೆ. ಸರಿಯಿರುವ ಕಾಲಿನ ಅಪಧಮನಿಯಲ್ಲಿ ಸದ್ದು ಬಿಡಿಬಿಡಿಯಾಗಿ, ಬಡಿತದಂತೆ ಬರುತ್ತದೆ. ಎರಡು ಬಡಿತದ ನಡುವೆ ರಕ್ತ ಒಂದು ಗಳಿಗೆ ಹಿಂದಕ್ಕೂ ಸರಿಯುತ್ತದೆ. ಎವಿಎಂ ಇರುವ ಕಾಲಿನಲ್ಲಿ ಬಿಡುವೇ ಇಲ್ಲ, ಜೋರು ಮಳೆಯ ದಿನದ ಹಳ್ಳದಂತೆ ಒಂದೇ ಸಮನೆ ಹೊಯ್ಲು. ಅಭಿಧಮನಿಯಲ್ಲೂ ಬಡಿತ ಕೇಳಿಸುತ್ತದೆ, ಅಲ್ಲಿ ಬಡಿತ ಇರಲೇಬಾರದು. ವೀನಸ್ ಮಾಲ್ಫಾರ್ಮೇಷನ್ನಿನಲ್ಲಿ ಹೆಚ್ಚು ಕಡಿಮೆ ಮೌನ. ಮೀನಖಂಡವನ್ನು ಹಿಂಡಿ ಬಿಟ್ಟಾಗ ಮಾತ್ರ ಸುಯ್ ಎಂದು ಬಣ್ಣ ತುಂಬುತ್ತದೆ. ಲಿಂಫ್ಯಾಟಿಕ್ ಆದರೆ ಕಪ್ಪು ನೀರಿನ ಚೀಲಗಳು ಕಾಣುತ್ತವೆ, ಒಳಗೆ ಹರಿವೇ ಇರುವುದಿಲ್ಲ, ನಡುವಿನ ಗೋಡೆಗಳಲ್ಲಿ ಮಾತ್ರ ಸಣ್ಣ ನಾಳಗಳು.

ನನ್ನದೇ ತಪ್ಪೊಂದನ್ನು ಇಲ್ಲಿ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗನ ತೊಡೆಯನ್ನು ಮಲಗಿಸಿಯೇ ನೋಡಿದೆ, ಮೈಮೇಲೆ ಆಡಿಸುವ ಪ್ರೋಬನ್ನು ಗಟ್ಟಿಯಾಗಿ ಒತ್ತಿ. ಏನೂ ಕಾಣಲಿಲ್ಲ, ‘ಸಾಮಾನ್ಯ’ ಎಂದು ಬರೆದುಕೊಟ್ಟೆ. ಮರುವರ್ಷ ಅದೇ ನೋವಿನೊಂದಿಗೆ ಅವನು ಬಂದಾಗ ನಿಲ್ಲಿಸಿ, ಜೆಲ್ ದಪ್ಪಗೆ ಹಚ್ಚಿ, ಪ್ರೋಬನ್ನು ತೇಲಿಸಿಟ್ಟು ನೋಡಿದರೆ ಅಂಗೈ ಅಗಲದ ವೀನಸ್ ಮಾಲ್ಫಾರ್ಮೇಷನ್. ಮೊದಲ ಸಲ ನನ್ನ ಕೈಯ ಭಾರಕ್ಕೇ ಅದು ಖಾಲಿಯಾಗಿ ಚಪ್ಪಟೆಯಾಗಿತ್ತು. ಆ ಹುಡುಗ ಒಂದು ವರ್ಷ ನೋವು ಸುಳ್ಳೆಂದು ಮನೆಯಲ್ಲಿ ಬೈಸಿಕೊಂಡಿದ್ದ. ಅಂದಿನಿಂದ ಕಾಲು ಇಳಿಬಿಡದೆ ನಾನು ಒಂದು ಸ್ಕ್ಯಾನೂ ಮುಗಿಸಿಲ್ಲ. ನೀವೂ ಕೇಳಬಹುದು: “ಡಾಕ್ಟ್ರೇ, ನಿಂತಾಗ ಜಾಸ್ತಿ ಊದುತ್ತೆ, ನಿಲ್ಲಿಸಿ ಒಂದ್ಸಲ ನೋಡ್ತೀರಾ?” ಯಾರೂ ತಪ್ಪು ತಿಳಿಯುವುದಿಲ್ಲ.

ಹೋಗುವಾಗ ಸಡಿಲ ಬಟ್ಟೆ ಹಾಕಿ. ಲುಂಗಿ, ಸೀರೆ, ಚಡ್ಡಿ ಯಾವುದಾದರೂ ಸರಿ, ಬಿಗಿ ಲೆಗಿಂಗ್ಸ್ ಬೇಡ. ಕಾಲಿಗೆ ಬಿಗಿ ಸ್ಟಾಕಿಂಗ್ ಹಾಕುವವರು ಬೆಳಿಗ್ಗೆಯೇ ತೆಗೆದಿರಿ. ಸಾಧ್ಯವಾದರೆ ಮಧ್ಯಾಹ್ನದ ಮೇಲಿನ ಸಮಯ ಕೇಳಿ, ಆಗ ಊತ ಚೆನ್ನಾಗಿ ಕಾಣುತ್ತದೆ.

ಡಾಪ್ಲರ್‌ನಲ್ಲಿ ತಪ್ಪದೆ ನೋಡಿಸಬೇಕಾದ ಇನ್ನೊಂದಿದೆ: ಕಾಲಿನ ಆಳದ ಅಭಿಧಮನಿಗಳು ಇವೆಯೇ, ತೆರೆದಿವೆಯೇ? ಕ್ಲಿಪೆಲ್-ಟ್ರೆನೋನೆಯಂಥ ಕಾಲುಗಳಲ್ಲಿ ಒಳಗಿನ ದೊಡ್ಡ ನಾಳಗಳು ಸಣ್ಣದಾಗಿರಬಹುದು, ಕೆಲವೊಮ್ಮೆ ಇರುವುದೇ ಇಲ್ಲ. ಆಗ ಹೊರಗೆ ಉಬ್ಬಿ ಕಾಣುವ ಆ ವಿಕಾರದ ನಾಳವೇ ಕಾಲಿನ ರಕ್ತವನ್ನು ಮೇಲಕ್ಕೆ ಸಾಗಿಸುತ್ತಿರುತ್ತದೆ. ವೆರಿಕೋಸ್ ಎಂದುಕೊಂಡು ಅದನ್ನು ಕಿತ್ತರೆ ಅಥವಾ ಲೇಸರ್ ಹಾಕಿ ಮುಚ್ಚಿದರೆ ಇದ್ದ ಒಂದು ದಾರಿಯೂ ಹೋಯಿತು. ಚಿಕ್ಕ ವಯಸ್ಸಿನವರಿಗೆ ವೆರಿಕೋಸ್ ಆಪರೇಷನ್ ಎಂದು ಯಾರಾದರೂ ದಿನ ಗೊತ್ತುಮಾಡಿದರೆ, ಆಳದ ನಾಳಗಳ ರಿಪೋರ್ಟ್ ಕೈಗೆ ಬರುವವರೆಗೆ ಒಪ್ಪಬೇಡಿ.

ಹೆಜ್ಜೆ 3: ಎಕ್ಸ್‌ರೇ ಮತ್ತು ಒಂದು ರಕ್ತ ಪರೀಕ್ಷೆ

ಎಕ್ಸ್‌ರೇ ಕೆಲಸ ಸಣ್ಣದು. ಮೆಣಸಿನ ಕಾಳಿನಂಥ ಫ್ಲೆಬೋಲಿತ್‌ಗಳು ದುಂಡು ಬಿಳಿ ಚುಕ್ಕೆಗಳಾಗಿ ಕಾಣುತ್ತವೆ. ಮೂಳೆ ತೆಳುವಾಗಿದೆಯೇ, ದಪ್ಪವಾಗಿದೆಯೇ ತಿಳಿಯುತ್ತದೆ. ಎರಡೂ ಕಾಲುಗಳ ಉದ್ದ ಅಳೆಯಲು ಸೊಂಟದಿಂದ ಪಾದದವರೆಗಿನ ಒಂದು ಉದ್ದ ಫಿಲ್ಮ್ ಸಾಕು. ರಕ್ತದಲ್ಲಿ ಡಿ-ಡೈಮರ್ ನೋಡಿಸುತ್ತಾರೆ. ವೀನಸ್ ಮಾಲ್ಫಾರ್ಮೇಷನ್ನಿನಲ್ಲಿ ರಕ್ತ ಒಳಗೇ ಹೆಪ್ಪುಗಟ್ಟಿ ಕರಗುತ್ತಿರುವುದರಿಂದ ಇದು ಎಷ್ಟೋ ಸಲ ಹೆಚ್ಚಿರುತ್ತದೆ. ಆಪರೇಷನ್ನಿಗೆ ಮುಂಚೆ, ಹೆರಿಗೆಗೆ ಮುಂಚೆ ಇದು ಗೊತ್ತಿರಬೇಕು.

ಹೆಜ್ಜೆ 4: ಎಂಆರ್‌ಐ

ಡಾಪ್ಲರ್ ಹರಿವನ್ನು ಹೇಳುತ್ತದೆ; ಗಂಟು ಎಷ್ಟು ಆಳಕ್ಕೆ, ಎಲ್ಲಿಂದ ಎಲ್ಲಿಗೆ ಹಬ್ಬಿದೆ ಎಂಬುದನ್ನು ಎಂಆರ್‌ಐ ಹೇಳುತ್ತದೆ. ಚರ್ಮದಡಿಯ ಕೊಬ್ಬಿನಲ್ಲೇ ಇದೆಯೋ, ಸ್ನಾಯುವಿನೊಳಗೆ ಇಳಿದಿದೆಯೋ, ಮಂಡಿಯ ಕೀಲಿನೊಳಗೆ ನುಸುಳಿದೆಯೋ, ಪಕ್ಕದಲ್ಲಿ ನಿಜವಾದ ನರ ಹಾದುಹೋಗಿದೆಯೋ ಎಲ್ಲ ಕಾಣುತ್ತದೆ. ಹೊರಗೆ ನಿಂಬೆಹಣ್ಣಿನಷ್ಟು ಕಂಡದ್ದು ಒಳಗೆ ತೊಡೆಯ ಉದ್ದಕ್ಕೂ ಇರುವುದನ್ನು ನಾನು ಮತ್ತೆಮತ್ತೆ ನೋಡಿದ್ದೇನೆ. ಅದಕ್ಕೇ ‘ಸಣ್ಣ ಗಂಟು, ಒಂದು ಹೊಲಿಗೆಯಲ್ಲಿ ತೆಗೆದುಬಿಡೋಣ’ ಎಂಬ ಮಾತು ಕೇಳಿದಾಗ ನನಗೆ ಎದೆ ಝಲ್ಲೆನ್ನುತ್ತದೆ.

ಚಿತ್ರ ಹೇಗೆ ಓದುತ್ತೇವೆ ಎಂದು ಸ್ವಲ್ಪ ಹೇಳುತ್ತೇನೆ. ನೀರು, ನಿಂತ ರಕ್ತ ಬೆಳ್ಳಗೆ ಕಾಣುವ ಒಂದು ಬಗೆಯ ಚಿತ್ರವಿದೆ. ಅದರಲ್ಲಿ ಕೊಬ್ಬೂ ಬೆಳ್ಳಗಿರುವುದರಿಂದ ಗಂಟು ಅದರೊಳಗೆ ಕಳೆದುಹೋಗುತ್ತದೆ. ಆದ್ದರಿಂದ ಕೊಬ್ಬನ್ನು ಕಪ್ಪಾಗಿಸುವ ‘ಫ್ಯಾಟ್ ಸಪ್ರೆಷನ್’ ಮಾಡಲೇಬೇಕು. ಆಗ ವೀನಸ್ ಮಾಲ್ಫಾರ್ಮೇಷನ್ ಕಪ್ಪು ಹಿನ್ನೆಲೆಯಲ್ಲಿ ಬಿಳಿ ದ್ರಾಕ್ಷಿ ಗೊಂಚಲಿನಂತೆ ಎದ್ದು ಕಾಣುತ್ತದೆ, ನಡುವೆ ಫ್ಲೆಬೋಲಿತ್‌ಗಳು ಕಪ್ಪು ಚುಕ್ಕೆ. ಎವಿಎಂ ಇದಕ್ಕೆ ತದ್ವಿರುದ್ಧ: ರಕ್ತ ಎಷ್ಟು ರಭಸವಾಗಿ ಓಡುತ್ತಿರುತ್ತದೆಂದರೆ ಯಂತ್ರ ಅದರ ಗುರುತು ಹಿಡಿಯುವುದರೊಳಗೆ ಮುಂದೆ ಹೋಗಿರುತ್ತದೆ, ನಾಳಗಳಿದ್ದ ಕಡೆ ಹುಳು ಕೊರೆದಂತೆ ಖಾಲಿ ಕಪ್ಪು ತೂತುಗಳು ಉಳಿಯುತ್ತವೆ. ಆಮೇಲೆ ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ಔಷಧ ಕೊಡುತ್ತಾರೆ. ವೀನಸ್ ಆದರೆ ಅದು ನಿಧಾನವಾಗಿ ಗೊಂಚಲಿನೊಳಗೆ ತುಂಬಿಕೊಳ್ಳುತ್ತದೆ. ಲಿಂಫ್ಯಾಟಿಕ್ ಆದರೆ ಚೀಲದ ಗೋಡೆ ಮಾತ್ರ ಹೊಳೆಯುತ್ತದೆ, ಒಳಗಿನ ನೀರು ಹಾಗೇ ಇರುತ್ತದೆ. ಔಷಧ ಹರಿಯುತ್ತಿರುವಂತೆಯೇ ಒಂದರ ಹಿಂದೊಂದು ಚಿತ್ರ ತೆಗೆಯುವ ಎಂಆರ್ ಆಂಜಿಯೋಗ್ರಫಿಯಲ್ಲಿ ಎವಿಎಂನ ಅಭಿಧಮನಿ ಹೊತ್ತಿಗೆ ಮುಂಚೆಯೇ ತುಂಬುವುದು ಕಾಣುತ್ತದೆ.

ಹೋಗುವ ಮುನ್ನ ಒಂದಿಷ್ಟು ಸಿದ್ಧತೆ. ಎದೆಯಲ್ಲಿ ಪೇಸ್‌ಮೇಕರ್, ಕಿವಿಯೊಳಗೆ ಕಾಕ್ಲಿಯರ್ ಯಂತ್ರ, ತಲೆಯೊಳಗೆ ಕ್ಲಿಪ್, ಹಳೆಯ ಆಪರೇಷನ್ನಿನ ರಾಡು ಯಾವುದೇ ಇದ್ದರೂ ಬಾಗಿಲಲ್ಲೇ ಹೇಳಿ. ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ರಿಪೋರ್ಟ್ ಒಯ್ಯಿರಿ. ಮೂತ್ರಪಿಂಡ ತೀರಾ ಸೋತಿದ್ದರೆ ಕಾಂಟ್ರಾಸ್ಟ್ ವಿಷಯದಲ್ಲಿ ವೈದ್ಯರು ಯೋಚಿಸಬೇಕಾಗುತ್ತದೆ. ಬಸುರಿಯಾಗಿದ್ದರೆ ಕಾಂಟ್ರಾಸ್ಟ್ ಕೊಡುವುದಿಲ್ಲ, ಮುಚ್ಚಿಡಬೇಡಿ. ಮೈಮೇಲಿನ ಲೋಹ ಎಲ್ಲ ತೆಗೆಯಬೇಕು: ಮಗುವಿನ ಬೆಳ್ಳಿ ಉಡಿದಾರ, ತಾಯಿತ, ಗೆಜ್ಜೆ, ಹೆಂಗಸರ ಕಾಲುಂಗುರ. ಪಾದದ ಸ್ಕ್ಯಾನ್ ಆದರೆ ಕಾಲುಂಗುರ ಚಿತ್ರವನ್ನೇ ಕೆಡಿಸಿಬಿಡುತ್ತದೆ. ವರ್ಷಗಳಿಂದ ಬಿಗಿದುಕೊಂಡಿದ್ದರೆ ಹಿಂದಿನ ರಾತ್ರಿಯೇ ಎಣ್ಣೆ ಹಚ್ಚಿ ಬಿಡಿಸಿ. ತಾಳಿ ತೆಗೆಯಲು ಮನಸ್ಸೊಪ್ಪದ ಅಮ್ಮಂದಿರು ಅರಿಶಿನ ಕೊಂಬು ಕಟ್ಟಿದ ದಾರ ಹಾಕಿಕೊಂಡು ಬರುತ್ತಾರೆ. ಅದಕ್ಕೆ ಯಾವ ಅಡ್ಡಿಯೂ ಇಲ್ಲ.

ಮಗುವಾದರೆ ಅಲುಗಾಡದೆ ಮಲಗಬೇಕು, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಚಿಕ್ಕ ಮಕ್ಕಳಿಗೆ ನಿದ್ದೆ ಬರಿಸುತ್ತಾರೆ. ಅದಕ್ಕೆ ಊಟ ತಿಂಡಿ 6 ಗಂಟೆ ಮುಂಚೆ, ಎದೆಹಾಲು 4 ಗಂಟೆ ಮುಂಚೆ, ನೀರು 2 ಗಂಟೆ ಮುಂಚೆ ನಿಲ್ಲಿಸುವುದು ರೂಢಿ. ನಿಮ್ಮ ಆಸ್ಪತ್ರೆಯಲ್ಲಿ ಹೇಳಿದ ಹೊತ್ತನ್ನೇ ಪಾಲಿಸಿ. ಬಸ್ಸಿನಲ್ಲಿ ಅಳುತ್ತಾಳೆಂದು ದಾರಿಯಲ್ಲಿ ಬಿಸ್ಕತ್ತು ಕೊಟ್ಟು, ಆ ದಿನದ ಸ್ಕ್ಯಾನ್ ತಪ್ಪಿ, ಮತ್ತೆ ಕೊಪ್ಪದಿಂದ ಬಂದವರನ್ನು ನೋಡಿ ಸಂಕಟಪಟ್ಟಿದ್ದೇನೆ. ದೊಡ್ಡ ಮಕ್ಕಳಿಗೆ ಒಂದು ಧೈರ್ಯ ಹೇಳಬಹುದು: ಮೊಣಕಾಲಿನ ಕೆಳಗಿನ ಸ್ಕ್ಯಾನಿಗೆ ಕಾಲನ್ನು ಮುಂದಾಗಿ ಒಳಗೆ ಕಳಿಸುವುದರಿಂದ ತಲೆ ಹೊರಗೇ ಇರುತ್ತದೆ. ಸದ್ದು ಮಾತ್ರ ಜೋರು, ಕಿವಿಗೆ ಹತ್ತಿ ಕೊಡುತ್ತಾರೆ.

ನೋವು ಎಲ್ಲಿದೆಯೋ ಅಲ್ಲಿ ಚರ್ಮದ ಮೇಲೆ ಹಸಿರು ವಿಟಮಿನ್-ಇ ಕ್ಯಾಪ್ಸೂಲ್ ಒಂದನ್ನು ಪ್ಲಾಸ್ಟರ್‌ನಿಂದ ಅಂಟಿಸಲು ಟೆಕ್ನಿಷಿಯನ್ನರಿಗೆ ಹೇಳಿ. ಒಳಗಿನ ಎಣ್ಣೆ ಚಿತ್ರದಲ್ಲಿ ಕಾಣುತ್ತದೆ. ನೋವು ತೋರಿಸುವ ಬೆರಳಿಗೂ ನಾವು ನೋಡುವ ಚಿತ್ರಕ್ಕೂ ಅದೇ ಕೊಂಡಿ.

ಹೆಜ್ಜೆ 5: ಸಿಟಿ ಮತ್ತು ಡಿಎಸ್‌ಎ ಯಾರಿಗೆ

ಎಲ್ಲರಿಗೂ ಅಲ್ಲ. ಸಿಟಿ ಆಂಜಿಯೋಗ್ರಾಂ ಬೇಗ ಮುಗಿಯುತ್ತದೆ, ಅಪಧಮನಿ ಮತ್ತು ಮೂಳೆಯನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ವಿಕಿರಣವಿದೆ, ಅಯೋಡಿನ್ ಕಾಂಟ್ರಾಸ್ಟ್ ಬೇಕು. ನಿಧಾನ ಹರಿವಿನ ಗಂಟಿಗೆ, ಅದರಲ್ಲೂ ಮಕ್ಕಳಿಗೆ, ಇದರಿಂದ ಲಾಭ ಕಡಿಮೆ.

ತೊಡೆಸಂದಿನಿಂದ ಅಥವಾ ಮಣಿಕಟ್ಟಿನಿಂದ ಸಣ್ಣ ನಳಿಕೆ ಕಳಿಸಿ, ಕಾಂಟ್ರಾಸ್ಟ್ ಹಾಯಿಸಿ, ಕ್ಷಣಕ್ಷಣದ ಚಿತ್ರ ತೆಗೆಯುವುದು ಡಿಎಸ್‌ಎ. ಎವಿಎಂಗೆ ಯಾವ ಯಾವ ನಾಲೆಯಿಂದ ನೀರು ಬರುತ್ತಿದೆ, ಏರಿ ಒಡೆದ ಜಾಗ ಎಲ್ಲಿ ಎಂದು ಇಷ್ಟು ನಿಖರವಾಗಿ ಬೇರಾವ ಪರೀಕ್ಷೆಯೂ ಹೇಳದು. ಬರೀ ಹೆಸರು ತಿಳಿಯಲು ಇದನ್ನು ಮಾಡಿಸುವ ಅಗತ್ಯವಿಲ್ಲ. ಚಿಕಿತ್ಸೆಯ ತೀರ್ಮಾನವಾದ ಮೇಲೆ, ಹೆಚ್ಚಾಗಿ ಚಿಕಿತ್ಸೆಯ ಜೊತೆಗೇ ಮಾಡುತ್ತಾರೆ. ಇಲ್ಲಿ ಒಂದು ಎಚ್ಚರಿಕೆ: ಎವಿಎಂಗೆ ರಕ್ತ ತರುವ ದೊಡ್ಡ ಅಪಧಮನಿಯನ್ನೇ ಕಟ್ಟಿಬಿಡುವುದು ಪರಿಹಾರವಲ್ಲ. ಮೇಲಿನ ತೂಬು ಮುಚ್ಚಿದರೆ ನೀರು ಅಕ್ಕಪಕ್ಕದ ನಾಲೆಗಳಿಂದ ನುಗ್ಗುತ್ತದೆ, ಮುಂದೆ ನಳಿಕೆ ಕಳಿಸಿ ಒಡಕನ್ನೇ ಮುಚ್ಚಲು ಇದ್ದ ದಾರಿಯೂ ಹೋಗುತ್ತದೆ.

ಹೆಜ್ಜೆ 6: ರಿಪೋರ್ಟ್ ಓದಿಸಿಕೊಳ್ಳುವುದು

ರಿಪೋರ್ಟ್ ಕೈಗೆ ಬಂದ ಮೇಲೆ ವೈದ್ಯರ ಮುಂದೆ ಕೂತು ಈ ಮಾತುಗಳಿಗೆ ಉತ್ತರ ಪಡೆಯಿರಿ. ಹರಿವು ರಭಸವೋ ನಿಧಾನವೋ. ಚರ್ಮ, ಕೊಬ್ಬು, ಸ್ನಾಯು, ಕೀಲು, ಮೂಳೆ ಇವುಗಳಲ್ಲಿ ಎಲ್ಲೆಲ್ಲಿಗೆ ಹೋಗಿದೆ. ಆಳದ ಅಭಿಧಮನಿಗಳು ಸರಿಯಿವೆಯೇ. ಹೆಪ್ಪುಗಟ್ಟಿದ ರಕ್ತ ಇದೆಯೇ. ಮಂಡಿಯೊಳಗೆ ಇದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಕೀಲಿನಲ್ಲಿ ಪದೇಪದೇ ರಕ್ತ ಸೋರಿ ಮೃದ್ವಸ್ಥಿ ಹಾಳಾಗುತ್ತದೆ. ನೋವು ಕಡಿಮೆಯಿದ್ದರೂ ಬೇಗ ತಜ್ಞರನ್ನು ಕಾಣಬೇಕು.

ದೊಡ್ಡವರಲ್ಲಿ ಹೊಸದಾಗಿ ಹುಟ್ಟಿ, ವಾರ ತಿಂಗಳಲ್ಲಿ ಬೆಳೆಯುತ್ತಿರುವ, ಒತ್ತಿದರೂ ತಗ್ಗದ ಗಟ್ಟಿ ಗಡ್ಡೆ ಈ ಲೇಖನದ ವಿಷಯವೇ ಅಲ್ಲ. ಅದು ಬೇರೆ ಬಗೆಯ ಗಡ್ಡೆಯಾಗಿರಬಹುದು, ಎಂಆರ್‌ಐ ಆದ ಮೇಲೆ ಬಯಾಪ್ಸಿ ಬೇಕಾಗುತ್ತದೆ, ತಡ ಮಾಡಬಾರದು. ಡಾಪ್ಲರ್ ಮಾಡದೆ ಯಾವ ಗಂಟಿಗೂ ಸೂಜಿ ಚುಚ್ಚಿಸಬೇಡಿ, ಕೀವೆಂದು ಕೊಯ್ಯಿಸಬೇಡಿ.

ಬರೆ ಹಾಕಿಸುವುದು, ಬಿಗಿಯಾಗಿ ಸೊಪ್ಪು ಕಟ್ಟುವುದು, ಎಣ್ಣೆ ಹಚ್ಚಿ ಜೋರಾಗಿ ತಿಕ್ಕುವುದು ಇವೂ ಬೇಡ. ಈ ಚರ್ಮಕ್ಕೆ ಗಾಯವಾದರೆ ಮಾಯುವುದು ಕಷ್ಟ. ಮಳೆಗಾಲದಲ್ಲಿ ತೋಟಕ್ಕೆ ಇಳಿಯುವವರು ಇಂಬಳ ಕಚ್ಚದಂತೆ ಉದ್ದ ಕಾಲುಚೀಲ ಹಾಕಿ. ಕಲೆಯ ಮೇಲೆ ಕಚ್ಚಿದರೆ ರಕ್ತ ಬೇಗ ನಿಲ್ಲುವುದಿಲ್ಲ. ರಕ್ತ ಬಂದರೆ ಮಲಗಿಸಿ, ಕಾಲೆತ್ತಿ, ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಒತ್ತಿದರೂ ರಕ್ತ ನಿಲ್ಲದಿದ್ದರೆ, ಎದೆನೋವು ಅಥವಾ ಇದ್ದಕ್ಕಿದ್ದಂತೆ ಏದುಸಿರು ಬಂದರೆ, ಕೆಮ್ಮಿದಾಗ ರಕ್ತ ಕಂಡರೆ 108ಕ್ಕೆ ಕರೆ ಮಾಡಿ. ಎದೆನೋವು, ಏದುಸಿರು, ಕೆಮ್ಮಿನಲ್ಲಿ ರಕ್ತ ಎಂದರೆ ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ಕಾಲು ಕೆಂಪಾಗಿ ಜ್ವರ ಬಂದರೆ ಅಂದೇ ವೈದ್ಯರನ್ನು ಕಾಣಿ.

ಎಲ್ಲಿಗೆ ಹೋಗುವುದು, ಏನು ಒಯ್ಯುವುದು

ಡಾಪ್ಲರ್ ಮತ್ತು ಎಕ್ಸ್‌ರೇಗೆ ಹಾಸನದವರಿಗೆ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹಿಮ್ಸ್, ಚಿಕ್ಕಮಗಳೂರಿನವರಿಗೆ ಜಿಲ್ಲಾಸ್ಪತ್ರೆ ಮೊದಲ ಬಾಗಿಲು. ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿ, ಶಾಲೆಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೆ ಮಗುವಿನ ಕಾಲು ತೋರಿಸಿದರೆ ಅವರೇ ಜಿಲ್ಲಾಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ; ಹೊರಗಿನ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೈಯಲ್ಲಿರಲಿ. ಮುಂದಿನ ಚಿಕಿತ್ಸೆಗೆ ಬೇಕಾದವರು ವ್ಯಾಸ್ಕುಲರ್ ಸರ್ಜನ್ ಮತ್ತು ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್. ಅದಕ್ಕೆ ಬೆಂಗಳೂರು, ಮೈಸೂರು ಅಥವಾ ಮಂಗಳೂರು. ಮೂಡಿಗೆರೆ, ಸಕಲೇಶಪುರದವರಿಗೆ ಘಾಟಿ ಇಳಿದರೆ ಮಂಗಳೂರೇ ಹತ್ತಿರ, ಆದರೆ ಜುಲೈ ಆಗಸ್ಟ್‌ನಲ್ಲಿ ಚಾರ್ಮಾಡಿ, ಶಿರಾಡಿ ರಸ್ತೆ ತೆರೆದಿದೆಯೇ ಎಂದು ಕೇಳಿಕೊಂಡೇ ಹೊರಡಿ.

ಆ ಹುಡುಗಿಯ ಎಂಆರ್‌ಐಯಲ್ಲಿ ಮೀನಖಂಡದ ಸ್ನಾಯುವಿನೊಳಗೆ ನಿಧಾನ ಹರಿವಿನ ವೀನಸ್ ಮಾಲ್ಫಾರ್ಮೇಷನ್ ಇತ್ತು. ಮಂಡಿ ಸ್ವಚ್ಛ, ಆಳದ ನಾಳಗಳು ಸರಿ. ಕೊಯ್ಯುವ ಅಗತ್ಯವಿಲ್ಲ, ಸೂಜಿಯಿಂದ ಔಷಧ ಬಿಟ್ಟು ಕುಗ್ಗಿಸುವ ಸ್ಕ್ಲೆರೋಥೆರಪಿಗೆ ಮಂಗಳೂರಿಗೆ ಬರೆದುಕೊಟ್ಟೆ. ಫಿಲ್ಮ್ ಮಾತ್ರ ಸಾಲದು, ಸಿಡಿಯನ್ನೂ ಕೇಳಿ ಪಡೆಯಿರಿ ಎಂದು ತಾಯಿಗೆ ಹೇಳಿದೆ. ಮಲೆನಾಡಿನ ಮಳೆಗಾಲದಲ್ಲಿ ಸುರುಳಿ ಸುತ್ತಿಟ್ಟ ಫಿಲ್ಮ್‌ಗಳು ಒಂದಕ್ಕೊಂದು ಅಂಟಿ, ಬೂಷ್ಟು ಹಿಡಿದು, ಬಿಡಿಸಿದರೆ ಚಿತ್ರವೇ ಕಿತ್ತುಬರುವುದನ್ನು ನೋಡಿದ್ದೇನೆ. ಅವರು ಚೀಲದಿಂದ ರೇಷನ್ ಕಾರ್ಡ್ ಇಟ್ಟಿದ್ದ ಪ್ಲಾಸ್ಟಿಕ್ ಕವರ್ ತೆಗೆದು, ಸಿಡಿಯನ್ನು ಕಾರ್ಡಿನ ಬೆನ್ನಿಗೆ ಸೇರಿಸಿ, ಬಾಯಿ ಮಡಚಿ ರಬ್ಬರ್ ಬ್ಯಾಂಡ್ ಹಾಕಿದರು. “ಇದೊಂದು ನೆನೆಯಲ್ಲ ಬಿಡಿ ಮೇಡಂ” ಎಂದರು.